ಕರುಳಿನ ಒಳಪೊರೆಯ ಗಣನೆ ಮತ್ತು ಅಳತೆಯ ಆಧಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನೊಳಗೊಂಡ ತುಳುನಾಡಿನ ಶಾಸನಗಳು ಅಕ್ಕಿಯ ದತ್ತಿಯನ್ನು ಮೂಡೆಗಳಲ್ಲಿ ಹೇಳುತ್ತವೆ. ಮೂಡೆಗೆ ಎಷ್ಟು ಹಾನೆಯೆಂಬುದು ಎಲ್ಲೆಡೆಯೂ ಒಂದೇ ಅಲ್ಲ; ಅದನ್ನರಿಯದೆ ದತ್ತಿಯನ್ನು ಅಳೆಯಲಾಗದು. ಸಣ್ಣ ಕರುಳಿನ ಒಳಪೊರೆಯ ಜೀವಕೋಶಗಳ ಗಣನೆಗೂ ಇದೇ ನ್ಯಾಯ ಸಲ್ಲುತ್ತದೆ.

ಆ ಪೊರೆಯಲ್ಲಿ ಸೇರಿರುವ ಲಿಂಫೋಸೈಟುಗಳೆಂಬ ಬಿಳಿಯ ಕಣಗಳನ್ನು 100 ಹೊದಿಕೆಕೋಶಗಳಿಗೆ ಇಷ್ಟೆಂದು ಎಣಿಸುವುದು ವಾಡಿಕೆ. 1971ರಲ್ಲಿ ಫರ್ಗ್ಯುಸನ್ ಮತ್ತು ಮರ್ರೆ ಎಂಬ ವಿದ್ವಾಂಸರು 40ರವರೆಗಿನ ಸಂಖ್ಯೆಯನ್ನು ಸಹಜವೆಂದು ಗಣಿಸಿದರು. ಆದರೆ ಗೋಧಿಯ ಗ್ಲುಟೆನ್ನಿನಿಂದ ಕೆರಳುವ ಸೀಲಿಯಾಕ್ ರೋಗದಲ್ಲಿ ಕರುಳಿನ ಬೆರಳಿನಾಕಾರದ ಅಂಕುರಗಳು ಸವೆದು, ಹೊದಿಕೆಕೋಶಗಳೇ ಕಡಮೆಯಾಗುತ್ತವೆ. ಆಗ ಲಿಂಫೋಸೈಟುಗಳು ಇದ್ದಷ್ಟೇ ಇದ್ದರೂ ಅನುಪಾತವು ಏರುವುದು. ಆದುದರಿಂದ ಮೈಕೇಲ್ ಮಾರ್ಷ್ ಎಂಬವರು, ಪೊರೆಯ ತಳದಲ್ಲಿರುವ ತೆಳು ಸ್ನಾಯುಪದರದ ನಿಶ್ಚಿತ ಕ್ಷೇತ್ರವನ್ನೇ ಆಧಾರವಾಗಿಟ್ಟುಕೊಂಡು ಎಣಿಸಿದರು.

ಸಂಖ್ಯೆಯನ್ನು ನಂಬುವ ಮೊದಲು ಅದರ ಆಧಾರವನ್ನು ವಿಚಾರಿಸಬೇಕು. ಇಲ್ಲವಾದರೆ ದತ್ತಿಯ ಲೆಕ್ಕವೂ ರೋಗದ ನಿರ್ಣಯವೂ ತಪ್ಪುವುವು.