ಹುಲ್ಲುಹೆಂಟೆಯ ಮನೆಯ ಓಲೆಗಳು

ಅರಸರ ಚರಿತ್ರೆ ಶಾಸನಗಳಲ್ಲಿ ನಿಲ್ಲುವಂತೆ ಬೇಸಾಯಗಾರರ ಚರಿತ್ರೆ ನಿಲ್ಲುವುದು ವಿರಳ. ಅಂತಹ ವಿರಳ ನಿಧಿಗಳಲ್ಲೊಂದು ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ಆಬ್ಲಿಂಗರ್ ಕುಟುಂಬದ ಪತ್ರಸಂಚಯ. ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಭೂಮಿಯನ್ನು ಅತ್ಯಲ್ಪ ಶುಲ್ಕಕ್ಕೆ ಕೊಡುವುದಾಗಿ 1862ರ ಹೋಮ್‌ಸ್ಟೆಡ್ ಕಾಯಿದೆ ಸಾರಿದ್ದಿತು. ಅದನ್ನು ನಂಬಿ ಯುರೈಯ ಆಬ್ಲಿಂಗರನು, ಪತ್ನಿ ಮ್ಯಾಟಿಯನ್ನೂ ಎಳೆಯ ಮಗಳನ್ನೂ ಇಂಡಿಯಾನದಲ್ಲಿಯೇ ಬಿಟ್ಟು, 1872ರಲ್ಲಿ ಫಿಲ್‌ಮೋರ್ ಕೌಂಟಿಯ ಬಯಲಿಗೆ ತೆರಳಿದನು; ದಂಪತಿಗಳ ಈ ವಿರಹವೇ ಪತ್ರವ್ಯವಹಾರಕ್ಕೆ ಕಾರಣವಾಯಿತು.

ಮರುವರ್ಷ ಬಂದು ಸೇರಿದ ಮ್ಯಾಟಿ, ಬೇರುಸಹಿತ ಕತ್ತರಿಸಿದ ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಮನೆಯಲ್ಲಿ, ಬಂಡಿಯ ಹೊದಿಕೆಬಟ್ಟೆಯನ್ನು ಎರಡಾಗಿಸಿ ಗೋಡೆಗೆ ಮರೆಗಟ್ಟಿದುದನ್ನೂ, ಉಳಿದೆಡೆ ಕಾಗದಗಳನ್ನು ಹಚ್ಚಿದುದನ್ನೂ ತವರಿನವರಿಗೆ ಹೆಮ್ಮೆಯಿಂದ ಬರೆದಳು. 1874ರಲ್ಲಿ ಆ ಪ್ರದೇಶದ ಮೇಲೆ ಮಿಡತೆಯ ಹಿಂಡುಗಳು ಎರಗಿದುವು. 1880ರಲ್ಲಿ ಮ್ಯಾಟಿ ಹೆರಿಗೆಯಲ್ಲಿ ತೀರಿಕೊಂಡಳು.

ನೆಬ್ರಾಸ್ಕದ ಇತಿಹಾಸ ಸಂಸ್ಥೆಯಲ್ಲಿ ರಕ್ಷಿತವಾಗಿರುವ, ಸುಮಾರು 3,000 ಪುಟಗಳ ಈ ಸಂಚಯದಲ್ಲಿ, ಭೂದಾಖಲೆಗಳು ಎಂದಿಗೂ ಹೇಳಲಾರದ ಅಡುಗೆ, ಆಸೆ, ಒಂಟಿತನಗಳ ವೃತ್ತಾಂತವಿದೆ. ಆದರೂ ಆ ಭೂಮಿ ಪಾನೀ ಮೊದಲಾದ ಮೂಲನಿವಾಸಿಗಳಿಂದ ಬಂದುದೆಂಬುದನ್ನು ನೆನೆದೇ ಅದನ್ನು ಓದುವುದು ನ್ಯಾಯ.