ನೌಕರಿಯಲ್ಲಿದ್ದೂ ಇಲ್ಲದವರು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಹಳ್ಳಿಗೆ ಹೋದರೂ 'ಹುಡುಗಗ ನೌಕರಿ ಹತ್ತಿತು' ಎಂಬ ಮಾತಿನೊಡನೆ ಮನೆಯ ಚಿಂತೆಯೆಲ್ಲ ಮುಗಿದಂತೆಯೆ. ಕನ್ಯೆ ನೋಡುತ್ತಾರೆ, ಸಾಲ ಕೊಟ್ಟವನು ಸುಮ್ಮನಾಗುತ್ತಾನೆ. ಹತ್ತಿದ ಆ ನೌಕರಿಯಲ್ಲಿ ಅವನು ಮುಂದಿನ ಮೂವತ್ತು ವರುಷ ಹೇಗೆ ಕಳೆದನೆಂಬುದನ್ನು ಮಾತ್ರ ಯಾರೂ ಕೇಳುವದಿಲ್ಲ. ಮನೆತನದಲ್ಲಿ ಮೊದಲ ಸಲ ಪದವಿಯ ಹೊಸ್ತಿಲಿಗೆ ಬಂದ ನಮ್ಮಂಥವರಾದರೂ ಇದನ್ನು ಕೇಳಿಕೊಳ್ಳುವದು ಅವಶ್ಯವೆಂದು ನನಗೆ ತೋರುತ್ತದೆ.

ದೇಹ ಕುರ್ಚಿಯಲ್ಲಿ, ಮನಸ್ಸು ಬೇರೆಲ್ಲಿಯೋ ಇರುವವರನ್ನು ನಾವು ದಿನವೂ ಕಾಣುತ್ತೇವೆ. ಉತಾರ ಕೇಳಲು ಬಂದವನ ಮುಖವನ್ನೂ ನೋಡದೆ 'ನಾಳೆ ಬಾ' ಎನ್ನುವರು. ಅವರನ್ನು ಸೋಮಾರಿಗಳೆಂದುಬಿಡುವದು ಸುಲಭ. ಆದರೆ ಸೋಮಾರಿಗೆ ಯಾವ ಕೆಲಸವೂ ಬೇಡ. ಇವನಾದರೋ ಸಂಜೆ ಹೊಲದಲ್ಲಿ ದುಡಿಯುತ್ತಾನೆ, ಜಾತ್ರೆಯ ನಾಟಕದಲ್ಲಿ ರಾತ್ರಿಯಿಡೀ ಪಾರ್ಟು ಮಾಡುತ್ತಾನೆ. ಅವನ ಮನಸ್ಸು ಕಿತ್ತುಹೋದದ್ದು ಆ ಒಂದು ಕೆಲಸದಿಂದ. ಸರ್ಕಾರದ ಕೆಲಸ ದೇವರ ಕೆಲಸವೆಂದು ವಿಧಾನಸೌಧದ ಮೇಲೆ ಬರೆಯಿಸಿದ್ದಾರೆ. ಅದಕ್ಕೇ ದೇವರಿಗೇ ಬಿಟ್ಟುಕೊಟ್ಟಿದ್ದಾರೆಂದು ಕಟ್ಟೆಯ ಮೇಲಿನ ಹಿರಿಯರು ನಗುತ್ತಾರೆ. ಇದು ಸರಕಾರಿ ಕಚೇರಿಗಳ ರೋಗವಷ್ಟೇ ಅಲ್ಲ. ಅಮೇರಿಕದ ಗ್ಯಾಲಪ್ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯಂತೆ, ಹಿಂದಿನ ವರುಷ ಜಗತ್ತಿನ ನೌಕರರಲ್ಲಿ ಮನಸ್ಸಿಟ್ಟು ದುಡಿದವರು ನೂರಕ್ಕೆ 21 ಮಂದಿ ಮಾತ್ರ.

ಮನಸ್ಸು ಯಾಕೆ ಹೋಗುತ್ತದೆ? ವಿಲಿಯಮ್ ಕಾನ್ ಎಂಬ ಅಮೇರಿಕದ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೂರು ಸಂಗತಿಗಳನ್ನು ಹೇಳಿದ್ದಾರೆ: ಕೆಲಸದಲ್ಲಿ ಅರ್ಥ ಕಾಣಬೇಕು, ಅಂಜದೆ ಇರಲು ಬರಬೇಕು, ಮೈಮನಗಳಲ್ಲಿ ಅದಕ್ಕಾಗಿ ಕಸುವು ಉಳಿದಿರಬೇಕು.

ಮೊದಲನೆಯದನ್ನು ನಾನು ಪುಸ್ತಕಕ್ಕಿಂತ ಮೊದಲು ಅವ್ವನ ಕೆಲಸದಲ್ಲಿ ಕಂಡಿದ್ದೆ. ಹಿರೇಕೆರೂರ ಸೀಮೆಯಲ್ಲಿ ಹತ್ತಿಯ ಹೈಬ್ರಿಡ್ ಬೀಜ ಮಾಡುವ ಹೊಲಗಳುಂಟು. ಅವ್ವ ಅಲ್ಲಿ ಕ್ರಾಸಿಂಗ್ ಕೆಲಸಕ್ಕೆ ಕೂಲಿ ಹೋಗುತ್ತಾಳೆ. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ಮೇಲೆ ಆರಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಗಂಡುಕೇಸರಗಳನ್ನೂ ಸುಲಿದು, ಕೆಂಪು ಕಾಗದದ ಚೀಲ ತೊಡಿಸಬೇಕು. ಮುಂಜಾನೆ ಗಂಡುಸಾಲಿನ ಹೂವು ತಂದು ಪರಾಗ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಕೇಸರ ಉಳಿದರೆ ಬೀಜ ಕೆಟ್ಟಿತು; ಒಳಗಿನ ಎಳೆ ಮುರಿದರೆ ಕಾಯಿಯೇ ಇಲ್ಲ. ಕೆಲವು ದಿನಗಳಲ್ಲಿ ದಾರ ಕಟ್ಟಿದಲ್ಲಿ ಕಾಯಿ ನಿಂತದ್ದನ್ನು ಅವಳೇ ನೋಡುತ್ತಾಳೆ. ಇದನ್ನು ಹೊಗಳಲು ಬರೆಯುತ್ತಿಲ್ಲ. ಕೂಲಿ ಸಣ್ಣದು, ಬೆನ್ನುನೋವು ದೊಡ್ಡದು. ಆದರೆ ಮಾಡಿದ್ದೇನೆಂಬುದು ಅವಳಿಗೆ ಗೊತ್ತು.

ದೊಡ್ಡಪ್ಪನ ಮಗಳು ಅಕ್ಕ ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರಖಾನೆಯಲ್ಲಿ ಆರು ವರುಷದಿಂದ ಕಾಲರು ಹೊಲಿಯುತ್ತಾಳೆ. ತಾಸಿಗೆ ಇಷ್ಟು ಎಂದು ಲೆಕ್ಕ. ಅಂಗಿ ಎಲ್ಲಿಗೆ ಹೋಯಿತು, ಯಾರು ತೊಟ್ಟರು, ಅವಳಿಗೆ ತಿಳಿಯದು. ಇಂದಿಗೂ ಅವಳಿಗೆ ಒಂದು ಪೂರಾ ಅಂಗಿ ಹೊಲಿಯಲು ಬರುವದಿಲ್ಲ. ಊರಿಗೆ ಬಂದು ಟೇಲರಿಂಗ್ ಅಂಗಡಿ ಇಡಬೇಕೆಂದರೆ ಮೊದಲಿನಿಂದ ಕಲಿಯಬೇಕು!

ಎರಡನೆಯದು ಅಂಜಿಕೆಯ ಮಾತು. ಹೊಸ ಗುಮಾಸ್ತನು ಕಡತದಲ್ಲಿ ತಪ್ಪು ಕಂಡು ಹೇಳಿದನೆನ್ನಿ. 'ನಿನ್ನ ಕೆಲಸ ನೀ ನೋಡಿಕೊ' ಎಂದು ಸಾಹೇಬರು ನಾಲ್ಕು ಜನರೆದುರು ಅಂದರೆ ಸಾಕು, ಮರುದಿನದಿಂದ ಅವನಿಗೆ ಯಾವ ತಪ್ಪೂ ಕಾಣುವದಿಲ್ಲ. ಮೂರನೆಯದಂತೂ ಎರಡು ಬಸ್ಸು ಬದಲಿಸಿ ಸಾಲಿಗೆ ಬರುವ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿರುವ ಶಿಕ್ಷಕಿಯರನ್ನು ಕೇಳಿದರೆ ತಿಳಿದೀತು.

ಹಿಂದೆಯೂ ಕೆಲಸದಲ್ಲಿ ಮನಸ್ಸು ನಿಲ್ಲದವರಿದ್ದರು. ಶಿಶುನಾಳದ ಶರೀಫರು (1819–1889) ಕೆಲಕಾಲ ಮಾಸ್ತರಿಕೆ ಮಾಡಿ ಬಿಟ್ಟರು. ಬಾಡದ ಕನಕದಾಸರು ದಂಡನಾಯಕತ್ವವನ್ನೇ ಬಿಟ್ಟರೆಂದು ಪ್ರತೀತಿ. ಇಬ್ಬರೂ ಇಂದಿನ ಶಿಗ್ಗಾಂವಿ ತಾಲೂಕಿನವರು. ಅವರ ಮನಸ್ಸು ಹೋದತ್ತ ದೇಹವೂ ಹೋಯಿತು. ನಮಗೆ ಅದು ಸಲೀಸಲ್ಲ. ತಂಗಿಯ ಮದುವೆ, ಸೊಸಾಯಿಟಿಯ ಸಾಲ, 'ಹತ್ತಿದ ನೌಕರಿ ಬಿಟ್ಟು ಬಂದಾಳ' ಎಂಬ ಮಾತು. ಆದುದರಿಂದ ನಾವು ಬಿಡುವದಿಲ್ಲ, ಇದ್ದಲ್ಲಿಯೇ ಇಲ್ಲವಾಗುತ್ತೇವೆ.

ಅದರ ಹಾನಿ ಬೇಗ ಕಾಣುವದಿಲ್ಲ. ಸರಕಾರಿ ನೌಕರಿಯಲ್ಲಿ ವರುಷಕ್ಕೊಮ್ಮೆ ವೇತನ ಏರುತ್ತದೆ, ಸೇವಾ ಹಿರಿತನದಿಂದ ಬಡ್ತಿಯೂ ಬಂದೀತು. ಕಲಿಕೆ ನಿಂತದ್ದು ಯಾವ ಕಾಗದದಲ್ಲಿಯೂ ದಾಖಲಾಗುವದಿಲ್ಲ. ಖಾಸಗಿ ಕಂಪನಿಯಲ್ಲಾದರೆ ಜನರನ್ನು ಕಡಿಮೆ ಮಾಡುವ ದಿನ ಒಮ್ಮಿಂದೊಮ್ಮೆ ಗೊತ್ತಾಗುತ್ತದೆ. ಅಷ್ಟರಲ್ಲಿ ಪ್ರಶ್ನೆ ಕೇಳುವ, ಹೊಸದನ್ನು ಹಿಡಿಯುವ ರೂಢಿ ತಪ್ಪಿ ಹತ್ತು ವರುಷವಾಗಿರುತ್ತದೆ. ಅಪ್ಪ-ಅವ್ವನನ್ನು ಕೇಳೋಣವೆಂದರೆ ಕಚೇರಿಯ ಒಳಗು ಅವರು ಕಂಡದ್ದಲ್ಲ.

ನಮ್ಮವರಲ್ಲಿ ಅನೇಕರು ಈ ವರುಷ ಪರೀಕ್ಷೆ ಮುಗಿಸಿ ಧಾರವಾಡಕ್ಕೆ ಕೋಚಿಂಗಿಗೆ ಹೊರಟಿದ್ದಾರೆ. ಎಷ್ಟು ಹುದ್ದೆ, ಎಷ್ಟು ಪಗಾರ ಎಂಬುದು ಎಲ್ಲರಿಗೂ ಕಂಠಪಾಠ. ಪಿಡಿಓ ಆದವರು ಮುಂಜಾನೆ ಹತ್ತರಿಂದ ಸಂಜೆಯವರೆಗೆ ಏನು ಮಾಡುತ್ತಾರೆಂದು ಗೆಳತಿಯರನ್ನು ಕೇಳಿದೆ. ಐವರಲ್ಲಿ ಒಬ್ಬಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಈ ರಜೆಯಲ್ಲಿ ನಮ್ಮೂರ ಪಂಚಾಯತಿ ಕಚೇರಿಯಲ್ಲಿ ಎರಡು ದಿನ ಕುಳಿತು ನೋಡುವವಳಿದ್ದೇನೆ. ಕುಳ್ಳಿರಲು ಅಲ್ಲಿಯವರು ಒಪ್ಪಿಕೊಂಡಿದ್ದಾರೆ. ಯಾಕೆ ಎಂದು ಮಾತ್ರ ಎರಡೆರಡು ಸಲ ಕೇಳಿದರು.