ಗುರಿ ಬರೆಯಬೇಕಾದದ್ದು ಮಿಡಿ ಕೊಳ್ಳುವ ಮೊದಲು

ಸಾಗರ, ಹೊಸನಗರ, ಸಿದ್ದಾಪುರ, ಶಿರಸಿಯ ಕಡೆ ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಫೋನಿನಲ್ಲೇ ಮಾರುವ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ವಾಟ್ಸ್ಆ್ಯಪ್‌ನಲ್ಲಿ ಆರ್ಡರ್, ಯುಪಿಐನಲ್ಲಿ ಹಣ, ಅಂಚೆ ಅಥವಾ ಕೊರಿಯರ್‌ನಲ್ಲಿ ರವಾನೆ. ಅಂಗಡಿ ಬಾಡಿಗೆಯ ಚಿಂತೆಯಿಲ್ಲದ ಈ ವ್ಯಾಪಾರದಲ್ಲಿ ದುಡಿಮೆ ಮಾತ್ರ ಬೆಳಗಿನಿಂದ ರಾತ್ರಿವರೆಗೆ ನಿಲ್ಲುವುದಿಲ್ಲ. ಈ ವರ್ಷದ ಗುರಿ ಏನು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಆದಷ್ಟು ಮಾರೋದು’.

ಆದಷ್ಟು ಎಂಬುದಕ್ಕೆ ಅಳತೆಯಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೂ ಇದೇ: ‘ಕೈಲಾದಷ್ಟು ಮಾಡು’ ಎಂದು ಹೇಳಿಸಿಕೊಂಡವರಿಗಿಂತ, ಖಚಿತವಾದ, ಸ್ವಲ್ಪ ಕಷ್ಟದ ಗುರಿ ಇಟ್ಟುಕೊಂಡವರ ಕೆಲಸ ಹೆಚ್ಚು ಸಾಗುತ್ತದೆ. ಉಪ್ಪಿನಕಾಯಿಯ ವ್ಯಾಪಾರದಲ್ಲಿ ಖಚಿತ ಗುರಿ ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ಅಪ್ಪೆಮಿಡಿ ಸಿಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಕೆಲವೇ ವಾರ. ಆಗ ಕೊಂಡು ಉಪ್ಪಿಗೆ ಹಾಕಿದ್ದಷ್ಟೇ ವರ್ಷವಿಡೀ ಮಾರಲು ಸಿಗುವ ಮಾಲು. ದೀಪಾವಳಿಗೆ ಬೆಂಗಳೂರಿನಿಂದ ನೂರು ಬಾಟಲಿಯ ಆರ್ಡರ್ ಬಂದರೆ ಆಗ ಮಿಡಿ ಹುಡುಕಿಕೊಂಡು ಹೋಗುವಂತಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅರ್ಧ ಕೆಜಿ ಬಾಟಲಿಗೆ 300 ರೂಪಾಯಿ ಬೆಲೆ. ಮಿಡಿ, ಉಪ್ಪು, ಬ್ಯಾಡಗಿ ಮೆಣಸಿನಕಾಯಿ, ಸಾಸಿವೆ, ಬಾಟಲಿ, ಲೇಬಲ್, ರಟ್ಟಿನ ಪೆಟ್ಟಿಗೆ, ರವಾನೆ ಎಲ್ಲ ಕಳೆದು 60 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 20,000 ರೂಪಾಯಿ ಉಳಿಯಬೇಕು ಎಂಬುದು ಗುರಿ. ಹಾಗಾದರೆ ತಿಂಗಳಿಗೆ 334 ಬಾಟಲಿ, ವರ್ಷಕ್ಕೆ 4,000 ಬಾಟಲಿ ಹೋಗಬೇಕು. ಬಾಟಲಿಗೆ 30 ಮಿಡಿಯಂತೆ 1,20,000 ಮಿಡಿ ಬೇಕು. ಮಿಡಿಗೆ ಎರಡೇ ರೂಪಾಯಿ ಹಿಡಿದರೂ ಆ ಕೆಲವು ವಾರಗಳಲ್ಲಿ 2,40,000 ರೂಪಾಯಿ ಕೈಯಲ್ಲಿರಬೇಕು. ಅಷ್ಟು ಮಿಡಿ ತೊಳೆದು, ಆರಿಸಿ, ಉಪ್ಪಿಗೆ ಹಾಕಲು ಡ್ರಮ್ಮುಗಳು, ಅವನ್ನಿಡಲು ತೇವವಿಲ್ಲದ ಕೋಣೆ, ತೊಟ್ಟು ಮುರಿಯದಂತೆ ಕೆಲಸ ಮಾಡುವ ಕೈಗಳು ಬೇಕು.

‘ತಿಂಗಳಿಗೆ ಇಪ್ಪತ್ತು ಸಾವಿರ’ ಎಂದು ಹೇಳುವಾಗ ಇದ್ಯಾವುದೂ ಕಣ್ಣಿಗೆ ಬಿದ್ದಿರುವುದಿಲ್ಲ. ಇಷ್ಟು ಬಿಡಿಸಿ ಬರೆದ ಮೇಲಷ್ಟೇ ನಿಜವಾದ ಯೋಚನೆ ಶುರುವಾಗುತ್ತದೆ. ರವಾನೆ ವೆಚ್ಚವನ್ನು ಗಿರಾಕಿಯಿಂದ ಬೇರೆಯಾಗಿ ಪಡೆದು ಬಾಟಲಿಗೆ 100 ರೂಪಾಯಿ ಉಳಿಸಿಕೊಂಡರೆ ತಿಂಗಳಿಗೆ 200 ಬಾಟಲಿ ಸಾಕು. ಮಿಡಿ 72,000ಕ್ಕೆ ಇಳಿಯುತ್ತದೆ. ಅದೂ ಹೆಚ್ಚೆನಿಸಿದರೆ ನಿಂಬೆ ಉಪ್ಪಿನಕಾಯಿ, ಚಟ್ನಿಪುಡಿಯಂಥ ಮಿಡಿ ಸುಗ್ಗಿಗೆ ಕಟ್ಟುಬೀಳದ ಪದಾರ್ಥಗಳನ್ನು ಸೇರಿಸಬಹುದು. ಅದೂ ಆಗದಿದ್ದರೆ ಈ ವರ್ಷಕ್ಕೆ 10,000 ಸಾಕು ಎಂದು ಗುರಿಯನ್ನೇ ಇಳಿಸಬಹುದು. ಲೆಕ್ಕ ಮಾಡಿ ಇಳಿಸಿದ ಗುರಿಯಲ್ಲಿ ಅವಮಾನವೇನೂ ಇಲ್ಲ. ಲೆಕ್ಕವಿಲ್ಲದೆ ಸಾಲ ಮಾಡಿ ಡ್ರಮ್ಮು ತುಂಬಿಸುವುದೇ ಅಪಾಯ.

ಹನ್ನೆರಡು ತಿಂಗಳಿಗೂ ಒಂದೇ ಗುರಿ ಇಡುವುದು ಸರಿಯಲ್ಲ. ಮಲೆನಾಡಿನ ಜುಲೈ ತಿಂಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ, ಮರ ಬಿದ್ದು ರಸ್ತೆ ಮುಚ್ಚಿದರೆ ಕೊರಿಯರ್ ಗಾಡಿಯೂ ಇಲ್ಲ. ಮಳೆಗಾಲಕ್ಕೆ ಅರ್ಧ ಗುರಿ, ಗೌರಿ ಗಣೇಶದಿಂದ ದೀಪಾವಳಿವರೆಗೆ ಒಂದೂವರೆ ಪಟ್ಟು ಎಂದು ಹಂಚಿಕೊಂಡರೆ ಜುಲೈಯಲ್ಲಿ ಎದೆಗುಂದುವುದೂ ತಪ್ಪುತ್ತದೆ, ಅಕ್ಟೋಬರ್‌ನಲ್ಲಿ ಬಾಟಲಿ ಸಾಲದೆ ಒದ್ದಾಡುವುದೂ ತಪ್ಪುತ್ತದೆ.

ಗುರಿಯ ಜೊತೆಗೇ ನೋಡಬೇಕಾದ ಕಾನೂನಿನ ಮಾತೂ ಇದೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ಮಾತನ್ನು ಬಹಳ ಜನ ಅರ್ಧವಷ್ಟೇ ಕೇಳಿಸಿಕೊಂಡಿದ್ದಾರೆ. ಉಪ್ಪಿನಕಾಯಿ ಪುಣೆಗೋ ಹೈದರಾಬಾದಿಗೋ ಹೋದರೆ ಅದು ಅಂತರರಾಜ್ಯ ಮಾರಾಟ. ಆ ಮಿತಿಯ ವಿನಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ನೋಂದಣಿಯಿಲ್ಲದೆ ಮಾರಲು 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳಿಗೆ ಸಿಕ್ಕ ಅವಕಾಶವೂ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರಲೇಬೇಕು. ಇವುಗಳಿಗೆ ಓಡಾಡುವ ದಿನಗಳನ್ನೂ ವರ್ಷದ ಯೋಜನೆಯಲ್ಲಿ ಸೇರಿಸಬೇಕು.

ಇನ್ನು ದಿನದ ಮಾತು. ಪೇಟೆಯ ಅಂಗಡಿಗೆ ಶಟರ್ ಇರುತ್ತದೆ, ರಾತ್ರಿ ಎಳೆದರೆ ವ್ಯಾಪಾರ ಮುಗಿಯಿತು. ಫೋನಿನ ಅಂಗಡಿಗೆ ಅದಿಲ್ಲ. ಬೆಳಿಗ್ಗೆ ಹಾಲು ಕಾಯಿಸುವಾಗ ‘ಅಕ್ಕಾ, ಅರ್ಧ ಕೆಜಿಗೆ ಎಷ್ಟು?’ ಎಂಬ ಸಂದೇಶ, ರಾತ್ರಿ ಹನ್ನೊಂದಕ್ಕೆ ‘ನನ್ನ ಪಾರ್ಸೆಲ್ ಎಲ್ಲಿದೆ?’ ಎಂಬ ಪ್ರಶ್ನೆ. ಬಂದ ಕೂಡಲೇ ಉತ್ತರಿಸುತ್ತ ಹೋದರೆ ನಮ್ಮ ದಿನವನ್ನು ಗಿರಾಕಿಗಳೇ ಬರೆದುಬಿಡುತ್ತಾರೆ. ಉಪ್ಪಿನಕಾಯಿಗೆ ಇದರಿಂದ ನೇರ ನಷ್ಟವೂ ಇದೆ. ಮಸಾಲೆ ಕಲಸುತ್ತ ನಡುವೆ ಎದ್ದು, ಕೈ ತೊಳೆದು, ಫೋನ್ ನೋಡಿ, ಸರಿಯಾಗಿ ಒರೆಸಿಕೊಳ್ಳದ ಕೈಯಲ್ಲೇ ಮರಳಿದರೆ ಆ ಹನಿ ನೀರು ಸಾಕು, ಇಡೀ ಭರಣಿಗೆ ಬೂಷ್ಟು ಹಿಡಿಯಲು.

ಹಾಗಾಗಿ ದಿನದ ಯೋಜನೆಯನ್ನು ಕೊರಿಯರ್ ಗಾಡಿ ಬರುವ ಹೊತ್ತಿನಿಂದ ಹಿಂದಕ್ಕೆ ಬರೆಯುವುದು ಒಳ್ಳೆಯದು. ಗಾಡಿ ನಾಲ್ಕಕ್ಕೆ ಬರುವುದಾದರೆ ಮೂರೂವರೆಗೆ ಪೆಟ್ಟಿಗೆಗಳು ಬಾಗಿಲಲ್ಲಿರಬೇಕು. ಪ್ಯಾಕಿಂಗ್ ಎರಡಕ್ಕೆ ಶುರುವಾಗಬೇಕು. ವಿಳಾಸಗಳ ಪಟ್ಟಿ ಬೆಳಿಗ್ಗೆಯೇ ಆಗಿರಬೇಕು. ಹತ್ತರಿಂದ ಒಂದರವರೆಗೆ ಅಡುಗೆಮನೆಯ ಕೆಲಸ, ಆ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿ. ಉತ್ತರಿಸಲು ದಿನಕ್ಕೆ ಎರಡೋ ಮೂರೋ ಹೊತ್ತು ಗೊತ್ತುಮಾಡಿಕೊಂಡರೆ ಸಾಕು. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ‘ಸಂಜೆ ಐದರ ನಂತರ ಉತ್ತರಿಸುತ್ತೇವೆ’ ಎಂದು ತಾನಾಗಿಯೇ ಹೋಗುವ ಸಂದೇಶ ಬರೆದಿಡಬಹುದು. ಹೊಸ ಆರ್ಡರ್, ಹಣ ಬಾಕಿ, ಹಣ ಬಂದಿದೆ ಎಂದು ಪ್ರತಿ ಗಿರಾಕಿಯ ಹೆಸರಿಗೆ ಗುರುತು ಹಚ್ಚಬಹುದು. ಒಂದು ಸಂಜೆ ಕೂತು ಇದನ್ನು ಕಲಿತರೆ ಬಹಳ ಗೊಂದಲ ತಪ್ಪುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಹೇಳುವ ಒಂದು ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಪಟ್ಟಿ ಮಾಡಬೇಕು’ ಎಂದು ಬರೆದುಕೊಳ್ಳುವ ಬದಲು ‘ಮಗುವಿನ ಶಾಲೆಯ ವ್ಯಾನ್ ಹೋದ ಕೂಡಲೇ ಪಟ್ಟಿ ಮಾಡುತ್ತೇನೆ’ ಎಂದು, ಕೆಲಸವನ್ನು ಆಗಲೇ ನಡೆಯುವ ಇನ್ನೊಂದಕ್ಕೆ ಕಟ್ಟಿ ಬರೆಯುವುದು. ಗಡಿಯಾರಕ್ಕಿಂತ ಹಾಲು ಕರೆಯುವುದು, ವ್ಯಾನ್, ಊಟದ ಹೊತ್ತು ಇವುಗಳ ಮೇಲೆಯೇ ದಿನ ಸಾಗುವ ಮನೆಗಳಲ್ಲಿ ಇದು ಬಹಳ ಚೆನ್ನಾಗಿ ಹೊಂದುತ್ತದೆ.

‘ಇಂದು ಹದಿಮೂರು ಬಾಟಲಿ ಹೋಗಬೇಕು’ ಎಂಬುದನ್ನು ದಿನದ ಪಟ್ಟಿಯಲ್ಲಿ ಬರೆಯಬೇಡಿ ಎಂಬುದು ನನ್ನ ಸಲಹೆ. ಕೊಳ್ಳುವವರ ಮನಸ್ಸು ನಮ್ಮ ಹಿಡಿತದಲ್ಲಿಲ್ಲ. ಐದು ಹಳೆಯ ಗಿರಾಕಿಗಳಿಗೆ ಸಂದೇಶ ಕಳಿಸುವುದು, ಮಸಾಲೆ ಅರೆಯುವುದನ್ನು ವಿಡಿಯೊ ಮಾಡುವುದು, ಇಪ್ಪತ್ತು ಲೇಬಲ್ ಅಂಟಿಸಿಡುವುದು ನಮ್ಮ ಹಿಡಿತದಲ್ಲಿವೆ. ಸಂಜೆ ಇವುಗಳ ಮುಂದೆ ಗುರುತು ಹಾಕಿದರೆ, ಆರ್ಡರ್ ಬಾರದ ದಿನವೂ ಕೆಲಸ ಸಾಗಿದ ದಿನವೇ. ಪಟ್ಟಿ ಉದ್ದವಾಗದಿರಲಿ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದ ವಿದ್ಯಾರ್ಥಿಗಳು ತೆಗೆದುಕೊಂಡದ್ದು 55ಕ್ಕೂ ಹೆಚ್ಚು ದಿನ. ಒಂದು ಗಂಟೆಯ ಪ್ಯಾಕಿಂಗ್ ಎಂದು ತೋರಿದ್ದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳುವುದೇ ಜಾಣತನ.

ದಿನದ ಕೊನೆಯ ಕೆಲಸ ಕಿರ್ದಿ ಬರೆಯುವುದು. ಹಿಂದಿನ ಮಂಡಿಯವರು ಅಂದಿನ ಲೆಕ್ಕ ಅಂದೇ ಬರೆದು ಏಳುತ್ತಿದ್ದ ಪದ್ಧತಿ ಆನ್‌ಲೈನ್ ವ್ಯಾಪಾರಕ್ಕೆ ಇನ್ನೂ ಹೆಚ್ಚು ಅಗತ್ಯ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎದ್ದ ಆತಂಕ ನೆನಪಿರಬಹುದು. ಸಂಬಂಧಿಕರು ಕಳಿಸಿದ ಹಣ, ಕೈಸಾಲ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಯಾವುದು ಯಾವುದೆಂದು ಬಿಡಿಸಿ ತೋರಿಸುವುದು ಕಷ್ಟ. ವ್ಯಾಪಾರಕ್ಕೆ ಬೇರೆ ಖಾತೆ, ದಿನಕ್ಕೆ ಹತ್ತು ನಿಮಿಷದ ಕಿರ್ದಿ ಇದ್ದರೆ ಆ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಯಾರು ಯಾವಾಗ ಬಾಟಲಿ ಕೊಂಡರು ಎಂದು ಬರೆದಿದ್ದರೆ ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮತ್ತೊಂದು ಸಂದೇಶ ಕಳಿಸಬಹುದು. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸಿ ವಾಪಸು ಬಂದ ಪಾರ್ಸೆಲ್‌ಗಳ ಖರ್ಚನ್ನೂ ಬರೆಯಿರಿ. ಹೋಗುವ ಬರುವ ಎರಡೂ ವೆಚ್ಚ ಮೈಮೇಲೆ ಬಿದ್ದದ್ದು ಆಗ ಮಾತ್ರ ಕಾಣುತ್ತದೆ.

ಆ ಕಿರ್ದಿಯಲ್ಲಿ ಬಹುಪಾಲು ಮನೆಗಳು ಬಿಟ್ಟುಬಿಡುವ ಒಂದು ಸಾಲಿದೆ: ಉಪ್ಪಿನಕಾಯಿ ಹಾಕಿದವಳ ಕೂಲಿ. ಮೇಲೆ ನಾವು ಹಾಕಿದ 60 ರೂಪಾಯಿಯ ಲೆಕ್ಕದಲ್ಲೂ ಅದು ಇರಲಿಲ್ಲ. ಮಿಡಿ ತೊಳೆಯಲು ಹೊರಗಿನವರು ಬಂದರೆ ಕೂಲಿ ಕೊಡುತ್ತೇವೆ. ಅದೇ ಕೆಲಸವನ್ನು ಮನೆಯಾಕೆ ಕೊಟ್ಟಿಗೆ, ಅಡುಗೆ, ಮಕ್ಕಳ ಓದು ಮುಗಿಸಿ ರಾತ್ರಿ ಕೂತು ಮಾಡಿದರೆ ಅದು ಲಾಭದಲ್ಲಿ ಸೇರಿಹೋಗುತ್ತದೆ. ಹೀಗೆ ಕಾಣುವ ಲಾಭ ನಿಜವಾದ ಲಾಭವಲ್ಲ. ಇಂಥ ವ್ಯಾಪಾರವಿರುವ ಮನೆಗಳ ಗಂಡಸರಲ್ಲಿ, ಅತ್ತೆ ಮಾವಂದಿರಲ್ಲಿ ನನ್ನ ಕೋರಿಕೆ ಇಷ್ಟು: ಪಾರ್ಸೆಲ್‌ಗಳನ್ನು ಅಂಚೆ ಕಚೇರಿಗೆ ಮುಟ್ಟಿಸುವ ಕೆಲಸ ನೀವು ವಹಿಸಿಕೊಳ್ಳಿ, ಹತ್ತರಿಂದ ಒಂದರವರೆಗೆ ಅವಳನ್ನು ಬೇರೆ ಕೆಲಸಕ್ಕೆ ಕರೆಯಬೇಡಿ, ಮತ್ತು ಮುಂದಿನ ಸುಗ್ಗಿಗೆ ಬಾಟಲಿಯ ಬೆಲೆ ನಿರ್ಧರಿಸುವಾಗ ಅವಳ ಕೂಲಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ.